ಎರಡು ಸಾಕ್ಷಿಯ ನಿಯಮ ಮತ್ತು ನನ್ನ ಹರ್ನಿಯಾ

ಯಲಹಂಕದ ನಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ ಒಂದು ಸಮಿತಿಯಿದೆ. ಯಾವ ವೈದ್ಯರು ಯಾವ ಆಪರೇಷನ್ ಮಾಡಬಹುದು ಎಂದು ಪರಿಶೀಲಿಸಿ ಅನುಮತಿ ಕೊಡುವುದು ಅದರ ಕೆಲಸ. ವೈದ್ಯರಲ್ಲದವರೂ ಒಬ್ಬರು ಇರಲಿ ಎಂದು, ನಿವೃತ್ತ ಪತ್ರಕರ್ತನಾದ ನನ್ನನ್ನು ಕರೆದರು. ಉಳಿದವರು ಬಿಸ್ಕತ್ತು ತಿಂದು ಸಹಿ ಹಾಕುತ್ತಿದ್ದರು. ನಾನು ಮೊದಲ ಸಭೆಯಲ್ಲೇ ಎದ್ದು ನಿಂತೆ.

"ಎರಡು ಕಡೆಯಿಂದ ಖಚಿತವಾಗದ ಸುದ್ದಿಯನ್ನು ನಾವು ಅಚ್ಚು ಹಾಕುತ್ತಿರಲಿಲ್ಲ. ವೈದ್ಯರ ಕೆಲಸಕ್ಕೂ ಕಣ್ಣಾರೆ ಕಂಡ ಇಬ್ಬರ ಸಾಕ್ಷಿ ಬೇಕು. ಇಲ್ಲದಿದ್ದರೆ ತಿಂಗಳ ಕೊನೆಗೆ ಅನುಮತಿ ರದ್ದು!"

ಒಪ್ಪಿದರು. ಅದೇ ಹುರುಪಿನಲ್ಲಿ ಇನ್ನೊಂದು ನಿಯಮವನ್ನೂ ಸೇರಿಸಿದೆ: ಸ್ವಂತ ಹಿತಾಸಕ್ತಿಯಿರುವ ವಿಷಯದಲ್ಲಿ ಸದಸ್ಯರು ತಲೆ ಹಾಕುವಂತಿಲ್ಲ.

"ಪಾಪ, ಡಾಕ್ಟ್ರಿಗೆ ಯಾಕ್ರೀ ಕಾಟ?" ಎಂದಳು ಪತ್ನಿ ಸರೋಜ. ನಾನು ಕಿವಿಗೊಡಲಿಲ್ಲ.

ಶಸ್ತ್ರಚಿಕಿತ್ಸಕ ಡಾ. ನಾಗಭೂಷಣ್ ಅವರಿಗೆ ಒಂದು ಸಾಕ್ಷಿ ಸಿಕ್ಕಿತ್ತು. ಎರಡನೆಯವರು ಹುಬ್ಬಳ್ಳಿಯಲ್ಲಿದ್ದ ಅವರ ಗುರುಗಳು. ಫೋನ್ ಮಾಡುವ ಹೊಣೆ ನಾನೇ ಹೊತ್ತೆ. ಅವರು ಎತ್ತಲಿಲ್ಲ. "ಬಾಕಿ" ಎಂದು ಬರೆದು ಕಡತ ಮುಚ್ಚಿದೆ.

ಅಷ್ಟರಲ್ಲಿ ನನ್ನ ಹಳೆಯ ಹರ್ನಿಯಾ ತಲೆಯೆತ್ತಿತು!

ಮರುತಿಂಗಳ ಮೊದಲ ದಿನ ಬೆಳಿಗ್ಗೆ, ತೊಟ್ಟು ನೀರೂ ಕುಡಿಯದೆ, ಬೆನ್ನ ಹಿಂದೆ ಲಾಡಿಯಿರುವ ಹಸಿರು ಅಂಗಿ ತೊಟ್ಟು ಸ್ಟ್ರೆಚರ್ ಮೇಲೆ ಮಲಗಿದ್ದೆ. ಯಾರೂ ಬರಲಿಲ್ಲ. ಎದ್ದು ಕುಳಿತೆ. ಮಲಗಿದೆ. ಮತ್ತೆ ಎದ್ದೆ. ಕೊನೆಗೆ ನಾಗಭೂಷಣ್ ಬಂದರು.

"ಸರ್, ಕೈ ತೊಳ್ಕೊಂಡು ನಿಂತಿದ್ದೆ. ಒಳಗೆ ಬಿಡ್ತಿಲ್ಲ. ನನ್ನ ಅನುಮತಿ ರದ್ದಾಗಿದೆಯಂತೆ."

"ಯಾರ್ರೀ ರದ್ದು ಮಾಡಿದ್ದು?" ಎಂದು ಗುಡುಗಿದೆ.

ಅವರು ಕಡತ ತೆರೆದು ತೋರಿಸಿದರು. "ಬಾಕಿ" ಎಂದಿದ್ದುದು ನನ್ನದೇ ಅಕ್ಷರ.

"ಬೇರೆ ಸರ್ಜನ್ ಇಲ್ವಾ?"

"ಎಲ್ಲರೂ ಸಾಕ್ಷಿ ಹುಡುಕ್ತಿದ್ದಾರೆ ಸರ್."

ನನ್ನ ಫೋನ್ ಪಕ್ಕದಲ್ಲಿ ನಿಂತಿದ್ದ ಸರೋಜಳ ಬಳಿಯಿತ್ತು. "ಹುಬ್ಬಳ್ಳಿಗೆ ಫೋನ್ ಮಾಡು, ಬೇಗ!"

"ಬೆಳಿಗ್ಗೆಯಿಂದ ಯಾವ್ದೋ ನಂಬರಿಂದ ಬರ್ತಾನೇ ಇದೆ. ಲೋನ್ ಕೊಡೋರು ಅಂದ್ಕೊಂಡು ಕಟ್ ಮಾಡ್ತಿದ್ದೆ ಕಣ್ರೀ."

ಫೋನ್ ಕಸಿದು ನಂಬರ್ ನೋಡಿದೆ. ಹುಬ್ಬಳ್ಳಿಯ ಗುರುಗಳದ್ದೇ! ತಿರುಗಿ ಫೋನ್ ಮಾಡಿದೆ.

"ಹೇಳ್ತೀನ್ರಿ," ಎಂದರು ಅವರು. "ಆದ್ರ ನೀವು ಸಮಿತಿಯವ್ರು ಅನ್ನೂದಕ್ಕ ಏನ್ ಖಾತ್ರಿ? ಇನ್ನೊಬ್ರ ಕಡಿಂದ ಹೇಳಸ್ರಿ."

ಸರೋಜ ಫೋನ್ ಕಿತ್ತುಕೊಂಡಳು. "ಸಮಿತಿಯವ್ರೇ ಸರ್. ಈಗ ಪೇಷಂಟೂ ಇವ್ರೇ."

ಬಾಗಿಲಲ್ಲಿ ನಿಂತಿದ್ದ ಆಸ್ಪತ್ರೆಯ ಮುಖ್ಯಸ್ಥೆ ಇದನ್ನು ಕೇಳಿಸಿಕೊಂಡರು. "ಹಾಗಾದ್ರೆ ನೀವು ಅವರ ಹತ್ರ ಮಾತಾಡೋ ಹಾಗಿಲ್ಲ ಸರ್. ಸ್ವಂತ ಹಿತಾಸಕ್ತಿ! ನೀವೇ ತಂದ ನಿಯಮ. ಪೇಷಂಟ್ ಆಗಿರಿ, ಇಲ್ಲ ಸದಸ್ಯರಾಗಿರಿ. ಒಂದನ್ನ ಬಿಟ್ರೆ ಫೋನಲ್ಲಿ ನಾನೇ ವಿಚಾರಿಸ್ತೀನಿ."

ಹರ್ನಿಯಾ ನನ್ನ ರಾಜೀನಾಮೆಯನ್ನು ಸ್ವೀಕರಿಸುವ ಲಕ್ಷಣ ಕಾಣಲಿಲ್ಲ. ಲಾಡಿ ಹಿಡಿದುಕೊಂಡೇ ಸಮಿತಿಗೆ ರಾಜೀನಾಮೆ ಕೊಟ್ಟೆ.

ಗುರುಗಳು ಶಿಷ್ಯನನ್ನು ಹೊಗಳಿದರು, ಅನುಮತಿ ಮರಳಿತು, ಸಂಜೆಗೆ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ನಾಗಭೂಷಣ್ ಹಾಕಿದ ಹೊಲಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ.

ಚೇತರಿಸಿಕೊಂಡ ಮೇಲೆ ಒಂದು ದಿನ ಮಿಕ್ಸಿ ಕೆಟ್ಟಿತು. ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಗೆ ಹೊರಟೆ. ಸರೋಜ ಅಡ್ಡ ನಿಂತಳು.

"ಅನುಮತಿ ಇದೆಯಾ? ನೀವು ಮಿಕ್ಸಿ ರಿಪೇರಿ ಮಾಡಿದ್ದನ್ನ ಕಣ್ಣಾರೆ ಕಂಡೋರು ಇಬ್ರನ್ನ ಕರ್ಕೊಂಡ್ ಬನ್ನಿ."

ಕಂಡವರು ಇಬ್ಬರು ಇದ್ದರು. ಒಬ್ಬಳು ಸರೋಜ. ಇನ್ನೊಬ್ಬ, ಹೋದ ಸಲ ನನ್ನ ರಿಪೇರಿಯನ್ನು ನೋಡಿ ನಮಗೆ ಹೊಸ ಮಿಕ್ಸಿ ಮಾರಿದ ಅಂಗಡಿಯವ!