ಎರಡು ತುತ್ತು ಗಂಜಿಯ ಸಂಶೋಧನೆ

ಹೊನ್ನಾವರದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಪಿಎಚ್‌ಡಿ ಎನ್ನುವುದು ನೀರು ಕುಡಿದಷ್ಟು ಸಲೀಸಾಗಿ ಕಂಡಿತ್ತು. ವಿಷಯ: ಬಸುರಿಯರ ಊಟ ಮತ್ತು ಮಗುವಿನ ತೂಕ. ಬಸುರಿ ಏನು ತಿಂದಳೆಂದು ಕೇಳುವುದು, ಹೆರಿಗೆಯಾದ ಮೇಲೆ ಮಗುವಿನ ತೂಕ ಪಡೆಯುವುದು, ಎರಡನ್ನೂ ಕಂಪ್ಯೂಟರಿಗೆ ಉಣಿಸಿ, ಊಟದ ಮೇಲೆ ತೂಕ ಊಹಿಸುವ ಮಾಡೆಲ್ ಕಟ್ಟುವುದು. ಇದಾಗದಿದ್ದರೆ ಬಡ್ತಿಯಿಲ್ಲ, ಮಾವನ ಮನೆಯಲ್ಲಿ ಮರ್ಯಾದೆಯೂ ಇಲ್ಲ.

ಬೈಕ್ ಹತ್ತಿ ಮುರ್ಡೇಶ್ವರ, ಮಾವಳ್ಳಿ ಎಲ್ಲ ಸುತ್ತಿದೆ. ಎಲ್ಲಿ ಹೋದರೂ ಬಸುರಿ ಬಾಯಿ ತೆರೆಯುವ ಮೊದಲೇ ಅವಳ ಅತ್ತೆ ಉತ್ತರ ಕೊಡುತ್ತಿದ್ದರು.

“ಎಂತ ತಿಂತದೆ ಮಾಸ್ತರ್ರೆ? ಎರಡು ತುತ್ತು ಗಂಜಿ. ಅದೂ ಒತ್ತಾಯ ಮಾಡಿರೆ.”

ಒಳಗಿಂದ ಬಂಗಡೆ ಮೀನು ಹುರಿಯುವ ಪರಿಮಳ ಬರುತ್ತಿತ್ತು. ಆದರೆ ಸಂಶೋಧಕನಾದವನು ಪರಿಮಳವನ್ನು ದಾಖಲಿಸುವಂತಿಲ್ಲ. ‘ಎರಡು ತುತ್ತು ಗಂಜಿ’ ಎಂದು ಭಕ್ತಿಯಿಂದ ಬರೆದುಕೊಂಡೆ. ನಿಜಕ್ಕೂ ಊಟ ಸೇರದೆ ಸೊರಗಿದ ಹುಡುಗಿಯರ ಮನೆಯಲ್ಲಿ ಮಾತ್ರ, ಅರ್ಧ ದೋಸೆ, ಒಂದು ಬಾಳೆಹಣ್ಣು, ಸ್ವಲ್ಪ ಮಜ್ಜಿಗೆ ಎಂದು ಚಿಂತೆಯಿಂದ ಎಲ್ಲ ಹೇಳಿದರು. ಅದನ್ನೂ ಬರೆದುಕೊಂಡೆ.

ಹೆರಿಗೆಗಳೆಲ್ಲ ಮುಗಿದ ಮೇಲೆ ಮಾಡೆಲ್ ಉತ್ತರ ಕೊಟ್ಟಿತು: ಬಸುರಿ ಕಡಿಮೆ ತಿಂದಷ್ಟೂ ಮಗು ದಪ್ಪ!

ಜಗತ್ತೇ ತಿರುಗಿ ನೋಡುವ ಸಂಶೋಧನೆ ಎಂದು ನನಗೇ ರೋಮಾಂಚನವಾಯಿತು. ಗೈಡ್‌ಗೆ ವರದಿ ಕಳಿಸಿ, ಅಡುಗೆಮನೆಗೆ ಹೋದೆ. ಆಗ ತುಂಬು ಬಸುರಿಯಾಗಿದ್ದ ನನ್ನ ಹೆಂಡತಿ ಸುಧಾ ಐದನೆಯ ನೀರುದೋಸೆಯಲ್ಲಿದ್ದಳು.

“ನೀನು ಇನ್ಮೇಲೆ ಸ್ವಲ್ಪ ಕಡಿಮೆ ತಿನ್ನಬೇಕು. ಮಾಡೆಲ್ ಹೇಳ್ತದೆ,” ಎಂದೆ.

“ನಿಮ್ಮ ಮಾಡೆಲ್ ಯಾವತ್ತಾದ್ರೂ ಬಸುರಿ ಆಗಿತ್ತಾ?” ಎಂದು ಕೇಳಿ ಆರನೆಯದಕ್ಕೆ ಕೈ ಹಾಕಿದಳು.

ಅಷ್ಟರಲ್ಲಿ ಪಕ್ಕದ ಮನೆಯ ನಾಗವೇಣಿ ಅಂಗಳಕ್ಕೆ ಬಂದು, “ಸೊಸೆ ಊಟ ಎಲ್ಲ ಸಮಾ ಮಾಡ್ತದ್ಯಾ?” ಎಂದಳು. ನನ್ನ ಅಮ್ಮ ಬಾಗಿಲಿಗೆ ಅಡ್ಡ ನಿಂತು, “ಎಂತ ಮಾಡ್ತದೆ ನಾಗವೇಣಿ? ಎರಡು ತುತ್ತು ಗಂಜಿ,” ಎಂದು ನಿಟ್ಟುಸಿರು ಬಿಟ್ಟಳು.

ನಾಗವೇಣಿ ಹೋದ ಮೇಲೆ ಕೇಳಿದೆ, “ಅಮ್ಮ, ದೋಸೆ ತಿಂದದ್ದು ಯಾಕೆ ಹೇಳ್ಲಿಲ್ಲ?”

“ಬಸುರಿ ತಿಂದದ್ದು ಯಾರಾದ್ರೂ ಹೇಳ್ತಾರಾ ತಮಾ? ದೃಷ್ಟಿ ಆಗುದಿಲ್ವ?”

ಆಗ ಹೊಳೆಯಿತು. ಸೊಸೆ ಚೆನ್ನಾಗಿ ಉಂಡಷ್ಟೂ ಅತ್ತೆಗೆ ದೃಷ್ಟಿಯ ಭಯ ಜಾಸ್ತಿ, ಬಾಯಲ್ಲಿ ಹೇಳುವ ತುತ್ತು ಕಡಿಮೆ; ಸೊರಗಿದ ಸೊಸೆಯ ಮನೆಯಲ್ಲಿ ಮಾತ್ರ ನಿಜ ಲೆಕ್ಕ. ಬಿಸಿಲಲ್ಲಿ ಅಲೆದು ನಾನು ಅಳೆದು ತಂದದ್ದು ಆ ಭಯವನ್ನು ಮಾತ್ರ. ವಿಷಯ ತಿಳಿಸಿದಾಗ ಗೈಡ್ ಫೋನಿನಲ್ಲಿ ಕೆಮ್ಮು ಬರುವಷ್ಟು ನಕ್ಕು, “ಮೊದಲಿಂದ ಶುರು ಮಾಡಿ. ಈ ಸಲ ಅತ್ತೆಯರನ್ನ ಹೊರಗೆ ಕೂರಿಸಿ,” ಎಂದರು. ಅಳು ಬಂದಿತ್ತು, ನಿಜ ಹೇಳುತ್ತೇನೆ.

ಮುಂದೆ ಸುಧಾಗೆ ಕುಮಟಾದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಗುಂಡುಗುಂಡಗಿನ ಹೆಣ್ಣುಮಗು, ಬನ್ಸಿನಂಥ ಕೆನ್ನೆ. ಮಗುವನ್ನು ನೋಡುತ್ತ ಮೈಮರೆತಿದ್ದಾಗ ಸಮೀಕ್ಷೆಯ ಹುಡುಗಿಯೊಬ್ಬಳು ಬಂದಳು.

“ಸರ್, ನಾನು ಪಿಎಚ್‌ಡಿ ಮಾಡ್ತಿದ್ದೇನೆ. ಬಸುರಿ ಇದ್ದಾಗ ನಿಮ್ಮ ಹೆಂಡತಿ ಊಟ ಹೇಗಿತ್ತು?”

ವಿಜ್ಞಾನಕ್ಕಾಗಿ ನಿಜ ಹೇಳಲು ಬಾಯಿ ತೆರೆದೆ. ನನ್ನ ಅಮ್ಮನ ಮಡಿಲಲ್ಲಿ ಮಲಗಿದ್ದ ಮಗುವಿನ ಆ ಕೆನ್ನೆಗಳು ಕಂಡವು.

“ಎಂತ ತಿಂತಿತ್ತು ತಂಗಿ?” ಎಂದೆ. “ಎರಡು ತುತ್ತು ಗಂಜಿ.”

ಪಾಪ, ಅವಳು ಭಕ್ತಿಯಿಂದ ಬರೆದುಕೊಂಡಳು.