ತೊಗರಿಬೇಳೆಗೆ ನಂಬರ್ ಕೊಟ್ಟ ಸೆಕ್ರೆಟರಿ

ತರಬೇತಿಗೆ ಹೋಗಿ ಬಂದ ಮೇಲಧಿಕಾರಿಗಿಂತ ಅಪಾಯಕಾರಿ ಪ್ರಾಣಿಯನ್ನು ನಾನು ಕಂಡಿಲ್ಲ. ಅಂಥವರು ನನ್ನ ನೌಕರಿಯುದ್ದಕ್ಕೂ ಸಿಗುತ್ತಲೇ ಇದ್ದರು. ಮೊದಲನೆಯವರು ಸಿಕ್ಕಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಯಶವಂತಪುರದ ಒಂದು ಸಹಕಾರಿ ಅಂಗಡಿಯಲ್ಲಿ. ಅವರು ಅಲ್ಲಿಯ ಸೆಕ್ರೆಟರಿ. ನಾನು ದಾಸ್ತಾನು ಗುಮಾಸ್ತ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

1. ಹೆಸರೆತ್ತಬೇಡಿ

ಮದರಾಸಿನಲ್ಲಿ ಐದು ದಿನ ಕೂತು ಬಂದವರೇ ಪ್ರತಿ ಸಾಮಾನಿಗೂ ಮೂರಂಕಿಯ ಕೋಡ್ ನಂಬರ್ ಕೊಟ್ಟರು. ಮೊದಲ ಅಂಕಿ ಕಪಾಟು, ಎರಡನೆಯದು ಹಲಗೆ, ಮೂರನೆಯದು ಸಾಲಿನಲ್ಲಿ ಅದರ ಜಾಗ. ನಂಬರಿನ ಚೀಟಿ ಅಂಟಿಸಿದ್ದು ಸಾಮಾನಿಗಲ್ಲ, ಹಲಗೆಗೆ. ದಾಸ್ತಾನು ಪುಸ್ತಕದಿಂದ ಹೆಸರುಗಳನ್ನೆಲ್ಲ ಕಿತ್ತು ಹಾಕಿ ಬರೀ ನಂಬರ್ ಬರೆಸಿದರು. ಇದನ್ನೆಲ್ಲ ಕಲಿಯಲು ಐದು ದಿನ ಯಾಕೆ ಬೇಕಾಯಿತೋ ದೇವರಿಗೇ ಗೊತ್ತು.

"ಇನ್ಮೇಲೆ ಅಂಗಡಿಯೊಳಗೆ ಸಾಮಾನಿನ ಹೆಸರೆತ್ತಿದೋರಿಗೆ ಮೆಮೊ ಕಣ್ರೀ. ಮೂರು ಮೆಮೊ ಆದ್ರೆ ಮನೆಗೆ. ಯಾರೇ ಆಗ್ಲಿ, ನಾನೇ ಆಗ್ಲಿ," ಎಂದರು.

"ಸಾರ್, ಉಪ್ಪಿಗೂ ನಂಬರಾ?" ಎಂದೆ.

ಮೊದಲ ಮೆಮೊ ನಿಂತ ಜಾಗದಲ್ಲೇ ಸಿಕ್ಕಿತು.

2. ಮನೆ ನಂಬರ್

ಗಿರಾಕಿಗಳಿಗೆಂದು ಬಾಗಿಲಲ್ಲಿ ಒಂದು ಪಟ್ಟಿ ತೂಗುಹಾಕಿದ್ದರು. ಅದನ್ನು ಓದಲು ಕನ್ನಡಕ ಬೇಕು, ತಾಳ್ಮೆ ಬೇಕು. ಆರ್.ಟಿ. ನಗರದಿಂದ ಬಂದ ಒಬ್ಬ ಗೃಹಿಣಿಗೆ ಎರಡೂ ಇರಲಿಲ್ಲ.

"ತೊಗರಿಬೇಳೆ ಕೊಡಪ್ಪ, ಬೇಗ."

"ನಂಬರ್ ಹೇಳಿ ಅಮ್ಮ."

"ನಮ್ಮನೆ ನಂಬರ್ರಾ? ಇನ್ನೂರ ಹದಿನಾಲ್ಕು."

ಪಕ್ಕದಲ್ಲೇ ನಿಂತಿದ್ದ ಸೆಕ್ರೆಟರಿಯ ಮುಖ ಅರಳಿತು. ಪದ್ಧತಿ ಜನಕ್ಕೆ ಹಿಡಿಸಿದೆ ಎಂದುಕೊಂಡರು, ಪಾಪ. ಇನ್ನೂರ ಹದಿನಾಲ್ಕನ್ನು ತಾವೇ ತೆಗೆದು, ಕಾಗದದಲ್ಲಿ ಸುತ್ತಿ ಆಕೆಯ ಚೀಲಕ್ಕೆ ಹಾಕಿದರು. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಅದು ಫಿನಾಯಿಲ್! ಸಾರಿಗೆ ಹಾಕ್ಬಿಟ್ಟೀರಾ!"

ಆಕೆಯ ಮನೆಯವರ ಜೀವ ಉಳಿಯಿತು. ನನಗೆ ಎರಡನೇ ಮೆಮೊ ಬಂತು.

3. ಆಯುಧಪೂಜೆ

ಇನ್ನೊಂದು ಮೆಮೊ ಬಂದರೆ ಕಾಯಂ ಆಗುವ ಮಾತೇ ಇಲ್ಲ. ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ಸೆಕ್ರೆಟರಿ ರಜೆ ಹಾಕಿ ಮಾವನ ಮನೆಗೆ ಹೋದರು. ಅಂಗಡಿಯಲ್ಲಿ ಅಕ್ಕಿ, ಬೇಳೆ ಹಸನು ಮಾಡುತ್ತಿದ್ದ ಕೆಂಪಾಪುರದ ಅಕ್ಕ ಪ್ರತಿ ವರ್ಷದಂತೆ ಸಾಮಾನೆಲ್ಲ ಹೊರಗಿಟ್ಟು ಕಪಾಟುಗಳನ್ನು ತೊಳೆದಳು. ನಾನು ಪೂಜೆಗೆ ಹೂವು ತಂದು ನೋಡಿದರೆ ಅರ್ಧ ಚೀಟಿಗಳೇ ಇಲ್ಲ. ಉಳಿದವುಗಳ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ.

"ಅಕ್ಕಾ, ಚೀಟಿ ಎಲ್ಲಿ?"

"ಗಲೀಜಾಗಿತ್ತು ಸಾಮಿ, ಉಜ್ಜಿ ತೆಗ್ದೆ. ಸಾಮಾನೂ ಚೆಂದಾಗಿ ಇಟ್ಟಿವ್ನಿ. ಬೇಳೆ ಪಕ್ಕ ಉಣಸೇಹಣ್ಣು, ಬಾಗ್ಲತ್ರ ಪೊರಕೆ. ಇಂಗಿದ್ರೆ ಕೈಗೆ ಸಿಕ್ತದೆ."

ನಿಜ ಹೇಳಬೇಕೆಂದರೆ, ಮದರಾಸಿನ ಜೋಡಣೆಗಿಂತ ಅದೇ ಚೆನ್ನಾಗಿತ್ತು.

4. ತಪಾಸಣೆ

ಹಬ್ಬ ಮುಗಿದು ಸೆಕ್ರೆಟರಿ ಬಂದ ಬೆಳಿಗ್ಗೆಯೇ ಇಲಾಖೆಯ ಇನ್ಸ್‌ಪೆಕ್ಟರೂ ಬಂದರು. ಪುಸ್ತಕ ತೆರೆದು, "ನೂರ ಹನ್ನೆರಡು, ನಲವತ್ತು ಕಿಲೋ. ತೋರ್ಸಿ," ಎಂದರು.

ಬಾಗಿಲ ಬಳಿಯ ಮೊದಲನೇ ಕಪಾಟು, ಮೊದಲನೇ ಹಲಗೆ, ಎರಡನೇ ಜಾಗ ತೋರಿಸಿದೆ. ಅಲ್ಲಿ ಹನ್ನೊಂದು ಪೊರಕೆ ನಿಂತಿದ್ದವು.

"ಏನ್ರೀ ಇದು?"

"ನೂರ ಹನ್ನೆರಡು ಸಾರ್."

"ಅದು ಗೊತ್ತಾಯ್ತು. ಇದಕ್ಕೇನಂತಾರೆ?"

ಒಂದನ್ನು ಎತ್ತಿ ತೋರಿಸಿದೆ. ಪೊರಕೆಗೋಸ್ಕರ ನೌಕರಿ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

"ಹೇಳ್ರೀ! ಬಾಯಿಲ್ವಾ?" ಎಂದು ಸೆಕ್ರೆಟರಿ ಹಲ್ಲು ಕಡಿದರು.

"ಮೆಮೊ ಸಾರ್," ಎಂದೆ.

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. "ಸರಿ ಬಿಡಿ. ನಲವತ್ತು ಕಿಲೋ ನಾಪತ್ತೆ, ಸೆಕ್ರೆಟರಿ ಹೊಣೆ ಅಂತ ಬರೀತೀನಿ."

ಸೆಕ್ರೆಟರಿ ಹೌಹಾರಿದರು. "ಅಯ್ಯೋ, ಬೇಡಿ ಸಾರ್! ಅದು ಪೊರಕೆ! ತೊಗರಿಬೇಳೆ ಆ ಮೂಲೇಲಿದೆ ನೋಡಿ, ಹುಣಸೇಹಣ್ಣಿನ ಪಕ್ಕ! ಉಪ್ಪು ಅದರ ಕೆಳಗೆ!"

ಹೆಸರು ಹಿಡಿದು ಎಣಿಸಿದಾಗ ದಾಸ್ತಾನು ಸರಿಹೋಯಿತು. ಆ ತಿಂಗಳೇ ನಾನು ಕಾಯಂ ಆದೆ. ಆದರೆ ಅದಕ್ಕಿಂತ ಸಂತೋಷ ಕೊಟ್ಟದ್ದು, ಸೆಕ್ರೆಟರಿ ಕೂಗಿ ಮುಗಿಸಿದ ಕೂಡಲೇ ಮೂಲೆಯಲ್ಲಿ ಅಕ್ಕಿ ಕೇರುತ್ತಿದ್ದ ಅಕ್ಕ ಮೊರ ಕೆಳಗಿಟ್ಟು, ಬೆರಳು ಮಡಚಿ ಹೇಳಿದ ಮಾತು:

"ನಾಕಾಯ್ತು ಸಾಮಿ. ನೀವು ಮೂರಕ್ಕೇ ಮನೆಗೋಗ್ಬೇಕಿತ್ತು."