ಪರದೆಗೂ ಲೆಕ್ಕಕ್ಕೂ ಒಂದೇ ಜಾಗ

ನಂಬದಿದ್ದರೆ ಬಿಡ್ರಿ. ಎಪ್ಪತ್ತರ ದಶಕ ಮುಗಿಯುವುದರೊಳಗೇ ಬೈಲಹೊಂಗಲದ ಒಂದು ಹತ್ತಿ ಗಿರಣಿಗೆ ಕಂಪ್ಯೂಟರ್ ಬಂದಿತ್ತು, ನಡೆಸುತ್ತಿದ್ದವನು ಸುರೇಬಾನದ ನಾನು. ಮುಂಬೈಯಲ್ಲಿ ಕಲಿತು ಬಂದಿದ್ದೆ. ಸುತ್ತಲ ತಾಲೂಕುಗಳಲ್ಲಿ ನನ್ನಷ್ಟು ಬಲ್ಲವನು ಇನ್ನೊಬ್ಬನಿರಲಿಲ್ಲ. ಬಲ್ಲವನೇ ಇನ್ನೊಬ್ಬನಿರಲಿಲ್ಲ ಅನ್ನಿ. ಆದರೂ ದಿನಾ ಒಂದು ಪಜೀತಿ, ಸಾಕಾಗಿಹೋಗಿತ್ತು. ದೀಪಾವಳಿಯೊಳಗೆ ವರ್ಷದ ಹತ್ತಿ ಲೆಕ್ಕ ಮುಗಿಸಿದರೆ ನೌಕರಿ ಪಕ್ಕಾ, ಇಲ್ಲದಿದ್ದರೆ ಊರ ಹಾದಿ ಎಂದಿದ್ದರು ಗಿರಣಿ ಸಾವಕಾರರು.

೧. ಕಣ

ಆ ಯಂತ್ರದ ನೆನಪು, ಅಂದರೆ ಮೆಮರಿ, ಅಂಗೈಯಗಲ. ಪರದೆಯ ಚಿತ್ರವೂ ಅದರೊಳಗೇ ಇರಬೇಕು, ಲೆಕ್ಕವೂ ಅದರೊಳಗೇ.

"ಒಂದ ಕಣ ಐತ್ರಿ ಸಾವಕಾರ್ರ. ಚಿತ್ರ ಹರವಿದ್ರ ಲೆಕ್ಕದ ರಾಶಿಗೆ ಜಾಗಾ ಉಳಿಯೂದಿಲ್ರಿ."

"ಇಷ್ಟ ಹೌದಲ್ಲೋ? ಹಿತ್ತಲದಾಗ ಬೇಕಾದಷ್ಟ ಜಾಗಾ ಐತಿ."

ಮಧ್ಯಾಹ್ನಕ್ಕೆ ಯಂತ್ರ ಹೊರಲು ಹಮಾಲರು ಬಂದು ನಿಂತಿದ್ದರು.

೨. ಕಪ್ಪು ಪರದೆ

ಪರದೆ ಆರಿಸಿಟ್ಟರೆ ಲೆಕ್ಕ ಬೇಗ ಸಾಗುತ್ತಿತ್ತು. ಯಂತ್ರಕ್ಕೆ ಚಿತ್ರ ಕಾಯುವ ಕೆಲಸ ತಪ್ಪುತ್ತದಲ್ಲ. ಹಾಗೆ ಕೈಕಟ್ಟಿ ಕೂತಿದ್ದಾಗ ಗಿರಣಿಯ ಹಳೆಯ ಲೆಕ್ಕಿಗ ದಿವಾನಜಿ ಇಣುಕಿದರು.

"ಏನ್ ಮಾಡಾಕತ್ತೀಯೋ ತಮ್ಮಾ?"

"ಲೆಕ್ಕ ನಡದೈತ್ರಿ."

"ಯಂತ್ರಾ ಮಲಗೈತಿ, ನೀ ಸುಮ್ನ ಕುಂತೀದಿ. ನಡಸಾವ್ರು ಯಾರು?"

ಉತ್ತರ ಕೊಡುವಷ್ಟರಲ್ಲಿ ವೈರು ಕಿತ್ತರು. ಮುಂಜಾನೆಯಿಂದ ಮಾಡಿದ ಲೆಕ್ಕ ಅಲ್ಲಿಗೆ ಖಲಾಸ್.

"ಕರೆಂಟರೆ ಉಳೀಲಿ" ಎಂದರು ದಿವಾನಜಿ.

೩. ಬಸವಣ್ಣ

ಮಹಾನವಮಿಯಂದು ಯಂತ್ರ-ಹತಾರಗಳಿಗೆ ಮಾಡುವ ಖಂಡೇಪೂಜೆಗೆ ನನ್ನ ಕೈಚಳಕ ಜನ ನೋಡಲಿ ಎಂದು ಪರದೆಯ ತುಂಬ ನಂದಿ ಬಸವಣ್ಣನನ್ನು ಮೂಡಿಸಿದೆ, ಕೊಂಬು, ಗೆಜ್ಜೆ, ಜೂಲು ಸಮೇತ. ಸವದತ್ತಿಯಿಂದ ಬಂದಿದ್ದ ಸಾವಕಾರರ ಬೀಗರು ಕೈಮುಗಿದರು. ಸಾವಕಾರರು ಕಾಯಿ ಒಡೆದರು. ಮರುದಿನ ಲೆಕ್ಕಕ್ಕೆ ಕೂತರೆ ಜಾಗ ಎಲ್ಲಿ? ಪೂರ್ತಿ ಬಸವಣ್ಣನೇ ಹಿಡಿದಿದ್ದ.

"ಬಸವಣ್ಣನ್ನ ಅಳಸಬೇಕ್ರಿ."

"ನಿಮ್ಮ ಮನಿ ಜಗಲಿ ಮ್ಯಾಗಿನ ದೇವ್ರನ್ನ ಎತ್ತಿ ಜ್ವಾಳದ ಚೀಲಾ ಇಡ್ತೀಯೇನಲೇ?"

"ಅರ್ಧಾ ಅಳಸ್ಲೇನ್ರಿ?"

"ಯಾವ ಅರ್ಧಾ?"

ಅದಕ್ಕೆ ಮುಂಬೈಯಲ್ಲೂ ಉತ್ತರ ಕಲಿಸಿರಲಿಲ್ಲ.

ಕರೆಂಟು ಹೋದರೆ ಬಸವಣ್ಣ ತಾನೇ ಮಾಯವಾಗುತ್ತಿದ್ದ. ಬಂದ ಕೂಡಲೇ ಸಾವಕಾರರು ಎದುರಿಗೆ ನಿಂತು ನನ್ನಿಂದ ಮತ್ತೆ ಮೂಡಿಸಿಕೊಳ್ಳುತ್ತಿದ್ದರು. ದೀಪಾವಳಿ ಬಂತು. ಲೆಕ್ಕವನ್ನೆಲ್ಲ ದಿವಾನಜಿ ಕೈಯಿಂದಲೇ ಮುಗಿಸಿದ್ದರು. ನಾನು ಟ್ರಂಕು ಕಟ್ಟಿಕೊಂಡು ಹೊರಟೆ.

"ಎಲ್ಲಿಗೆ ಹೊಂಟೀಯೋ?" ಎಂದರು ಸಾವಕಾರರು. "ನೀ ಹೋದ್ರ ಬಸವಣ್ಣನ್ನ ಮೂಡಸಾವ್ರು ಯಾರು?"

ನೌಕರಿ ಪಕ್ಕಾ ಮಾಡಿದರು. ಕೆಲಸಕ್ಕೆಂದು ಒಂದು ಧೋತರ, ಒಂದು ಆರತಿ ತಟ್ಟೆ, ಒಂದು ಗಂಟೆ ಕೊಟ್ಟರು.